ಮಲ್ಪೆ, ಪಡುಬಿದ್ರಿಯ ಮರಳಿಗೆ ಪ್ಲೈವುಡ್ ಸ್ಕಿಮ್‌ಬೋರ್ಡ್: ಹೊಸಬರು ಕೊಳ್ಳಬಹುದೇ?

ಓಡಿಬಂದು ಹತ್ತಿ, ದಂಡೆಯ ತೆಳುನೀರಿನ ಮೇಲೆ ಜಾರುವ ಹಲಗೆಯೇ ಸ್ಕಿಮ್‌ಬೋರ್ಡ್. ಆನ್‌ಲೈನ್‌ನಲ್ಲಿ ಹೊಸಬರಿಗೆಂದು ಮಾರುವ ಗುಂಡಗಿನ ಪ್ಲೈವುಡ್ ಸ್ಕಿಮ್‌ಬೋರ್ಡ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ. ದಪ್ಪ ಸುಮಾರು 9 ಮಿ.ಮೀ., ಅಡ್ಡಳತೆ 30ರಿಂದ 41 ಇಂಚು, ಮೇಲೊಂದು ಬಣ್ಣದ ಚಿತ್ರ, ಅದಕ್ಕೆ ವಾರ್ನಿಷ್. ಅಲೆಗೆ ನುಗ್ಗಿ ತಿರುಗಿ ಬರುವ ಆಸೆಯಿದ್ದರೆ ಇದು ಆಗಿಬರುವುದಿಲ್ಲ. ಅದಕ್ಕೆ ಫೋಮ್ ತಿರುಳಿಗೆ ಫೈಬರ್‌ಗ್ಲಾಸ್ ಹೊದಿಸಿದ ಹಗುರ ಬೋರ್ಡೇ ಬೇಕು. ದಂಡೆಯ ತೆಳುನೀರಿನ ಮೇಲೆ ಜಾರಲು ಕಲಿಯುವವರಿಗೆ ಮಾತ್ರ ಮರದ್ದೇ ಸರಿ. ಮರಳಿಗೆ ಎಷ್ಟು ಸಲ ಬಡಿದರೂ ತಡೆದುಕೊಳ್ಳುತ್ತದೆ, ತರಚಿದರೆ ಮನೆಯಲ್ಲೇ ಸರಿಮಾಡಬಹುದು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನ ಜೀವರಕ್ಷಕರು ಈ ಆಟ ಶುರುಮಾಡಿದ್ದೂ ಮರದ ಹಲಗೆಯ ಮೇಲೆಯೇ.

ಅಳತೆಯಲ್ಲಿ ಜಿಪುಣತನ ಬೇಡ. 30 ಇಂಚಿನದು ಮಕ್ಕಳಿಗೆ. 60 ಕೆ.ಜಿ.ಯೊಳಗಿನವರಿಗೆ 35 ಇಂಚು ಸಾಕು. ಅದಕ್ಕಿಂತ ತೂಕವಿದ್ದರೆ 41 ಇಂಚಿನದನ್ನೇ ತೆಗೆದುಕೊಳ್ಳಿ. ಬೋರ್ಡ್ ಕೈಗೆ ಬಂದ ಕೂಡಲೇ ಸಮನಾದ ನೆಲದ ಮೇಲಿಟ್ಟು ಮೂತಿ, ಅಂದರೆ ಮುಂದಿನ ಅಂಚು ನೋಡಿ. ಅಂಚಿನಡಿ ಬೆಂಕಿಪೊಟ್ಟಣವೊಂದು ಸಲೀಸಾಗಿ ತೂರುವಷ್ಟಾದರೂ ಅದು ಮೇಲೆದ್ದಿರಬೇಕು. ಪೂರ್ತಿ ಚಪ್ಪಟೆಯಾಗಿದ್ದರೆ ಮರಳಿನ ಸಣ್ಣ ಅಲೆಗೆರೆ ಸಿಕ್ಕರೂ ಸಾಕು, ಮೂತಿ ಹೂತು ಬೋರ್ಡ್ ಅಲ್ಲೇ ನಿಲ್ಲುತ್ತದೆ, ಮೇಲಿದ್ದವರು ಮುಂದೆ ಹಾರಿ ಬೀಳುತ್ತಾರೆ.

ಈ ಬೋರ್ಡ್‌ಗಳ ನಿಜವಾದ ಹುಳುಕು ಇರುವುದು ಅಂಚಿನಲ್ಲಿ. ಮೇಲೆ ಕನ್ನಡಿಯಂತೆ ಹೊಳೆಯುವ ವಾರ್ನಿಷ್ ಅಂಚಿಗೆ ಬರುವಾಗ ಒಂದೇ ಕೈ ಬಳಿದಷ್ಟಿರುತ್ತದೆ. ಉಗುರಿನಿಂದ ಸುತ್ತಲೂ ಗೀರಿ ನೋಡಿ. ಒರಟಾದ ಪದರ ಸಿಕ್ಕಲ್ಲೆಲ್ಲ ಉಪ್ಪುನೀರು ಒಳಹೊಕ್ಕು ಪ್ಲೈ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ನೀರಿಗಿಳಿಸುವ ಮೊದಲೇ 120 ನಂಬರಿನ ಉಜ್ಜುಕಾಗದ, ಆಮೇಲೆ 220ರದ್ದು ಹಾಕಿ ಅಂಚು ನುಣುಪು ಮಾಡಿ, ಒಣಗಿ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಎರಡು ಕೈ ಬಳಿಯಿರಿ. ಬಡಗಿಯ ಹತ್ತಿರ ಹೊಸದಾಗಿ ಮಾಡಿಸುವವರು ಐಎಸ್ 710 ಮುದ್ರೆಯಿರುವ, ನೀರು ತಡೆಯುವ ಮೆರೈನ್ ಪ್ಲೈಯನ್ನೇ ಕೇಳಿ ತನ್ನಿ. ಕಪಾಟಿಗೆ ಬಳಸುವ ಮಾಮೂಲಿ ಪ್ಲೈ ಒಂದು ಸೀಸನ್ ಕೂಡ ಬಾಳದು.

ವಾರ್ನಿಷ್ ಮೇಲೆ ಒದ್ದೆ ಕಾಲು ನಿಲ್ಲುವುದಿಲ್ಲ. ಮೇಲ್ಭಾಗಕ್ಕೆ ಕಾಲಿಗೆ ಹಿಡಿತ ಕೊಡುವ ಸರ್ಫ್ ವ್ಯಾಕ್ಸ್ ಎಂಬ ಮೇಣ ಉಜ್ಜಲೇಬೇಕು, ಅದೂ ಬಿಸಿ ಸೀಮೆಗೆಂದು ಬರುವ ಟ್ರಾಪಿಕಲ್ ವ್ಯಾಕ್ಸ್. ತಂಪು ಸಮುದ್ರದ ವ್ಯಾಕ್ಸ್ ನಮ್ಮ ಬಿಸಿಲಿಗೆ ಎಣ್ಣೆಯಂತೆ ಕರಗುತ್ತದೆ. ಅಡಿಭಾಗಕ್ಕೆ ಮಾತ್ರ ಏನೂ ಹಚ್ಚಬೇಡಿ.

ಇನ್ನು ಜಾಗ, ಹೊತ್ತು. ಬೋರ್ಡ್ ಎಷ್ಟೇ ಚೆನ್ನಾಗಿದ್ದರೂ ಇದು ತಪ್ಪಿದರೆ ಅದನ್ನು ದೂರಿ ಪ್ರಯೋಜನವಿಲ್ಲ. ಇಳಿತದ ಹೊತ್ತಿಗೆ ಹಿಂದೆಮುಂದೆ ಒಂದೊಂದು ಗಂಟೆ, ಗಟ್ಟಿ ಮರಳು ಅಗಲವಾಗಿ ತೆರೆದುಕೊಂಡಾಗ ಹೋಗಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಹೊತ್ತನ್ನು ಇವತ್ತಿಗೆ ನಂಬಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಹಿಂದೆ ಸರಿಯುವುದರಿಂದ ಜಾಗವೂ ಹೆಚ್ಚು. ಮಲ್ಪೆಯಲ್ಲಿ ಜನಜಂಗುಳಿಯಿಂದ ದೂರ ನಡೆಯಿರಿ. ಪಡುಬಿದ್ರಿಯಲ್ಲೂ ಸ್ನಾನಕ್ಕಿಳಿದವರ ನಡುವೆ ಬೋರ್ಡ್ ಬಿಡಬೇಡಿ. ಸೋಮೇಶ್ವರದ ಬಂಡೆಗಳ ಬಳಿ ಬೇಡವೇ ಬೇಡ, ಕೋಡಿ ಬೆಂಗ್ರೆ, ಸಸಿಹಿತ್ಲುವಿನ ಅಳಿವೆ ಬಾಯಲ್ಲೂ ಬೇಡ, ಅಲ್ಲಿ ಸೆಳೆತ ಜಾಸ್ತಿ. ಹಿಮ್ಮಡಿ ಊರಿದರೆ ಮರಳು ಹೆಚ್ಚು ಕುಸಿಯಬಾರದು. ಓಡುವ ದಾರಿಯನ್ನು ಮೊದಲು ನಡೆದು ನೋಡಿ: ಮರುವಾಯಿಯ ಚಿಪ್ಪು ಅಂಗಾಲು ಸೀಳುತ್ತದೆ, ಮೀನುಗಾರರು ದಂಡೆಯಿಂದ ಕೈರಂಪಣಿ ಬಲೆ ಎಳೆಯುವ ಹೊತ್ತಾದರೆ ಮೊಣಕಾಲೆತ್ತರಕ್ಕೆ ಹಗ್ಗ ಅಡ್ಡ ಇರುತ್ತದೆ.

ನೀರು ಒಂದು ಸೆಂಟಿಮೀಟರ್ ಇದ್ದರೆ ಸಾಕು. ವೇಗಕ್ಕೆ ಬೋರ್ಡಿನಡಿ ನೀರಿನ ತೆಳು ಪದರ ಸಿಕ್ಕಿಕೊಂಡು ಅದನ್ನು ಎತ್ತಿ ಹಿಡಿಯುತ್ತದೆ. ವೇಗ ಇಳಿದಂತೆ ಬೋರ್ಡ್ ಮರಳಿಗೆ ಕೂರುತ್ತದೆ. ಕಣಕಾಲು ಮುಳುಗುವ ನೀರಿನಲ್ಲಿ ಬೋರ್ಡ್ ನೀರನ್ನು ತಳ್ಳುತ್ತಾ ಹೋಗಿ ಬೇಗ ಸೋಲುತ್ತದೆ. ಅಲೆ ಬಂದು ಹಿಂದೆ ಸರಿಯುವಾಗ ಉಳಿಯುವ ಹಾಳೆಯಂಥ ನೀರೇ ನಿಮ್ಮ ರಸ್ತೆ.

ಮೊದಲ ಅರ್ಧ ಗಂಟೆ ಹತ್ತಲೇಬೇಡಿ, ಬೋರ್ಡನ್ನಷ್ಟೇ ಬಿಡಲು ಕಲಿಯಿರಿ. ಒಂದು ಕೈ ಹಿಂದಿನ ಅಂಚಿನಲ್ಲಿ, ಇನ್ನೊಂದು ಪಕ್ಕದಲ್ಲಿ. ಸೊಂಟ ಬಗ್ಗಿಸಿ ನಾಲ್ಕೈದು ಹೆಜ್ಜೆ ಓಡಿ, ಮೊಣಕಾಲಿಗಿಂತ ಕೆಳಗಿನಿಂದ ಬೋರ್ಡನ್ನು ನೀರಿಗೆ ಸಮಾನಾಂತರವಾಗಿ ಜಾರಿಬಿಡಿ. ಎತ್ತರದಿಂದ ಎಸೆದರೆ ಪಟಾರನೆ ಬಡಿದು ಕುಪ್ಪಳಿಸುತ್ತದೆ. ಸರಿಯಾಗಿ ಬಿಟ್ಟರೆ ಸುಯ್ಯೆಂಬ ಸದ್ದಷ್ಟೇ. ಆ ಸದ್ದು ಹತ್ತರಲ್ಲಿ ಎಂಟು ಸಲ ಬರುವ ತನಕ ಇದನ್ನೇ ಮಾಡಿ.

ಆಮೇಲೆ ಬೋರ್ಡಿನ ಪಕ್ಕದಲ್ಲೇ, ಅದರದ್ದೇ ವೇಗದಲ್ಲಿ ಓಡುತ್ತಾ ಹೆಜ್ಜೆ ಇಡಿ. ಇಡೀ ಕಲಿಕೆಯ ಜೀವ ಇಲ್ಲಿದೆ. ಹೊಸಬರು ಎರಡೂ ಕಾಲೆತ್ತಿ ಹಾರುತ್ತಾರೆ. ಭಾರ ಹಿಂದಕ್ಕೆ ಬಿದ್ದು ಬೋರ್ಡ್ ಬಾಣದಂತೆ ಮುಂದೆ ಚಿಮ್ಮುತ್ತದೆ, ಬೆನ್ನು ಮರಳಿಗೆ ಅಪ್ಪಳಿಸುತ್ತದೆ. ಮುಂದಿನ ಕಾಲು ಮೊದಲು ನಡುವಿಗಿಂತ ಒಂಚೂರು ಮುಂದೆ, ತಕ್ಷಣ ಹಿಂದಿನ ಕಾಲು ಭುಜದಗಲ ಬಿಟ್ಟು. ಮೊಣಕಾಲು ಮಡಿಸಿ, ಭಾರ ಎರಡೂ ಕಾಲಿಗೆ ಸಮ, ಕಣ್ಣು ಮುಂದೆ. ಬೀಳುವಾಗ ಕೈ ನೆಟ್ಟಗೆ ಊರಿದರೆ ಮಣಿಕಟ್ಟು ಮುರಿಯಬಹುದು. ಭುಜ ಒಳಗೆಳೆದು ಉರುಳಿಬಿಡಿ.

ಆಟ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಟ್ರಾಲ್ ದೋಣಿಗಳಿಗೆ ನಿಷೇಧವಿರುವ ಜೂನ್, ಜುಲೈಯಲ್ಲಷ್ಟೇ ಅಲ್ಲ, ಸೆಪ್ಟೆಂಬರ್‌ವರೆಗೂ ಕಡಲಿಗಿಳಿಯಬೇಡಿ. ಆ ತಿಂಗಳುಗಳಲ್ಲಿ ಬೋರ್ಡನ್ನು ಗೋಡೆಗೆ ಒರಗಿಸದೆ ಸಮನಾದ ಜಾಗದಲ್ಲಿ ಮಲಗಿಸಿಡಿ. ಒರಗಿಸಿಟ್ಟರೆ ಮಳೆಗಾಲದ ತೇವಕ್ಕೆ ಪ್ಲೈ ತಿರುಚಿಕೊಂಡು, ಅಕ್ಟೋಬರ್‌ನಲ್ಲಿ ಹೊರತೆಗೆಯುವಾಗ ಮೂತಿಯಡಿ ಬೆಂಕಿಪೊಟ್ಟಣ ತೂರುವುದಿಲ್ಲ.