ಕೊಬ್ಬು ಕರಗಿಸುವ ಪೂರಕಗಳು: ಸಂಶೋಧನೆಯನ್ನು ನಂಬುವುದೋ, ಬಳಸಿದವರ ಮಾತನ್ನೋ?

ಪೂರಕ ನಿಜವಾಗಿ ಫಲ ಕೊಡುತ್ತದೆಯೇ ಎಂಬ ಪ್ರಶ್ನೆಗೆ ವೈಜ್ಞಾನಿಕ ಪ್ರಯೋಗವೇ ಹೆಚ್ಚು ನಂಬಲರ್ಹ. ಮಾತ್ರೆ ಸೇವಿಸುವವರಲ್ಲಿ ಅನೇಕರು ಅದೇ ಹೊತ್ತಿಗೆ ಊಟ ಕಡಿಮೆ ಮಾಡಿ, ವ್ಯಾಯಾಮವನ್ನೂ ಆರಂಭಿಸಿರುವುದರಿಂದ, ತೂಕ ಇಳಿದದ್ದು ಯಾವುದರಿಂದ ಎಂಬುದು ಅವರಿಗೇ ತಿಳಿದಿರುವುದಿಲ್ಲ. ಒಂದು ಗುಂಪಿಗೆ ಪೂರಕದ ಅಂಶವೇ ಇಲ್ಲದ ಹುಸಿಮಾತ್ರೆ ಕೊಟ್ಟು ಹೋಲಿಸುವ ಪ್ರಯೋಗ ಈ ಗೊಂದಲವನ್ನು ಬಿಡಿಸುತ್ತದೆ. ಹಸಿರು ಚಹಾದ ಸಾರದ ಮೇಲೆ ನಡೆದ ಇಂಥ ಪ್ರಯೋಗಗಳಲ್ಲಿ ಕಂಡ ಇಳಿಕೆ ಅತ್ಯಲ್ಪ.

ಸುರಕ್ಷತೆಯ ವಿಷಯದಲ್ಲಿ ಲೆಕ್ಕ ಬದಲಾಗುತ್ತದೆ. ಕೆಲವೇ ವಾರ, ಕೆಲವೇ ಜನರ ಮೇಲೆ ನಡೆಯುವ ಪ್ರಯೋಗದಲ್ಲಿ ಅಪರೂಪದ ಹಾನಿ ಕಾಣದೇ ಹೋಗಬಹುದು. ಅಮೆರಿಕವು 2004ರಲ್ಲಿ ಎಫೆಡ್ರಾ ಎಂಬ ಗಿಡದಿಂದ ತಯಾರಾದ ಪೂರಕಗಳನ್ನು ನಿಷೇಧಿಸುವ ಮುನ್ನ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಬಗ್ಗೆ ಬಂದ ದೂರುಗಳು ಮುಖ್ಯ ಎಚ್ಚರಿಕೆಯಾಗಿದ್ದವು. ಆದ್ದರಿಂದ ಹೊಗಳಿಕೆಗಿಂತ ದೂರುಗಳನ್ನು ಗಮನವಿಟ್ಟು ಓದಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಡಬ್ಬಿಯೊಳಗೆ ಏನಿದೆ ಎಂಬುದನ್ನು ತಿಳಿಯಲು ಎರಡೂ ಸಾಲವು. ಅಮೆರಿಕದಲ್ಲಿ 2010ರಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಲಾದ, ಹಸಿವು ತಗ್ಗಿಸುವ ಸಿಬುಟ್ರಮೀನ್ ಔಷಧ, ‘ನೈಸರ್ಗಿಕ’ ಎನ್ನುವ ಪೂರಕಗಳಲ್ಲಿ ಪದೇ ಪದೇ ಪತ್ತೆಯಾಗಿದೆ. ಇಲ್ಲಿ ಬೇಕಿರುವುದು ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆ.

ಕೊಳ್ಳಬೇಕೇ ಬೇಡವೇ ಎಂದು ಯೋಚಿಸುತ್ತಿರುವವರು ಸಂಶೋಧನೆಯನ್ನು ನೋಡಲಿ. ಕೊಳ್ಳಲು ನಿರ್ಧರಿಸಿದವರಿಗೆ ನಿದ್ರೆ ಕೆಡುವುದು, ಹೊಟ್ಟೆ ತೊಳಸುವುದು ಮುಂತಾದ ದಿನನಿತ್ಯದ ತೊಂದರೆಗಳನ್ನು ಬಳಸಿದವರು ಚೆನ್ನಾಗಿ ಹೇಳಬಲ್ಲರು. ಆದರೆ ಯಕೃತ್ತಿನ ಅಥವಾ ಹೃದಯದ ಕಾಯಿಲೆ ಇರುವವರು ಮೊದಲು ವೈದ್ಯರನ್ನೇ ಕೇಳಬೇಕು.