ಹೊಸಬರಿಗೆ ಮೊದಲ ಪೆಡಲ್ ಯಾವುದು? ಝೂಮ್ ಜಿ1 ಫೋರ್ ವರ್ಷಗಟ್ಲೆ ಬಳಸಿ ಹೇಳ್ತಿರೋದು

ತುಮಕೂರಲ್ಲಿ ಗಿಟಾರ್ ಹಿಡಿದಿರೋ ಹುಡುಗ್ರು ಹುಡುಗೀರು ಸಿಕ್ಕಾಗೆಲ್ಲ ಕೇಳೋದು ಇದೇ, ಮೊದ್ಲು ಯಾವ ಪೆಡಲ್ (ಗಿಟಾರಿನ ಸದ್ದು ಬದಲಾಯಿಸೋ, ಕಾಲಲ್ಲಿ ಒತ್ತೋ ಪೆಟ್ಟಿಗೆ) ತಗೊಳ್ಳೋದು ಅಂತ. ಬಿಡಿ ಪೆಡಲ್‌ಗಳಿಗೆ ದುಡ್ಡು ಸುರಿಯೋಕೆ ಮುಂಚೆ ಒಂದು ಚಿಕ್ಕ ಮಲ್ಟಿ ಎಫೆಕ್ಟ್ಸ್, ಅಂದ್ರೆ ಹಲವು ಪೆಡಲ್‌ಗಳ ಕೆಲಸ ಒಂದರಲ್ಲೇ ಮಾಡೋ ಪೆಟ್ಟಿಗೆ, ತಗೊಳ್ಳಿ ಅಂತೀನಿ. ನನ್ ಹತ್ರ ಇರೋದು ಝೂಮ್ ಜಿ1 ಫೋರ್, 2019ರ ಮಾಡೆಲ್, ಮನೇಲಿ ಪ್ರಾಕ್ಟೀಸಿಗೂ ಅದೇ, ಗಣೇಶನ ಪೆಂಡಾಲ್ ಆರ್ಕೆಸ್ಟ್ರಾಗೂ ಅದೇ.

ಒಂದೇ ಸಲಕ್ಕೆ 5 ಎಫೆಕ್ಟ್ ಸಾಲಾಗಿ ಹಾಕ್ಬೋದು, ಟ್ಯೂನರ್, ಲೂಪರ್ (ನುಡಿಸಿದ್ದನ್ನ ರೆಕಾರ್ಡ್ ಮಾಡಿ ಮತ್ತೆ ಮತ್ತೆ ಕೇಳಿಸೋದು), ಡ್ರಮ್ ರಿದಮ್ ಎಲ್ಲ ಒಳಗೇ ಇದೆ. ಆದ್ರೆ ಕಲಿಯೋರಿಗೆ ನಿಜವಾದ ಲಾಭ ಬೇರೆ, ಯಾವುದು ಏನ್ ಮಾಡುತ್ತೆ ಅಂತ ಕಿವಿಗೇ ಗೊತ್ತಾಗುತ್ತೆ. ಡಿಸ್ಟಾರ್ಷನ್ (ಸದ್ದನ್ನ ಒರಟು ಮಾಡೋದು) ಮೊದ್ಲು, ಡಿಲೇ (ಪ್ರತಿಧ್ವನಿ ಥರ ಸ್ವರನ ಮತ್ತೆ ಕೇಳಿಸೋದು) ಆಮೇಲೆ ಇಟ್ಟು ಒಂದು ಕಾರ್ಡ್ ಹೊಡೀರಿ, ರಿಪೀಟ್ ಬಿಡಿಬಿಡಿಯಾಗಿ ಕೇಳುತ್ತೆ. ಅದನ್ನೇ ಉಲ್ಟಾ ಮಾಡಿ, ಎಲ್ಲ ಸೇರ್ಕೊಂಡು ಕಲಸುಮೇಲೋಗರ. ಡಿಲೇ ಟೈಮ್‌ಗೆ ಲೆಕ್ಕ ಸುಲಭ, 60,000ನ ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದು) ಭಾಗಿಸಿ, 120 ಇದ್ರೆ 500 ಮಿಲಿಸೆಕೆಂಡ್, ಅದ್ರ ಮುಕ್ಕಾಲು ಅಂದ್ರೆ 375 ಇಟ್ಟು ನೋಡಿ, ನೀವು ನುಡಿಸಿದ ಸ್ವರಗಳ ಸಂದೀಲಿ ರಿಪೀಟ್ ಬಂದು ಕೂರುತ್ತೆ, ಅಷ್ಟು ಚೆಂದ!

ಕರೆಂಟ್ ಹೋದ್ರೂ 4 ಡಬಲ್ ಎ ಸೆಲ್ಲಲ್ಲಿ ಓಡುತ್ತೆ. ಹೆಡ್‌ಫೋನ್ ಔಟ್‌ಪುಟ್ ಜಾಕ್‌ಗೇ ಹಾಕ್ಬೇಕು, ಅದು ದಪ್ಪ ಜಾಕು, ಮೊಬೈಲ್ ಹೆಡ್‌ಫೋನ್‌ಗೆ ಕನ್ವರ್ಟರ್ ಬೇಕು.

ಇನ್ನು ಗುಂಯ್ ಅನ್ನೋ ಶಬ್ದ, ಎಲ್ಲಾರೂ ಪೆಡಲ್‌ನ ಬೈತಾರೆ ಪಾಪ. ಗಿಟಾರಲ್ಲಿ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯೋ ಒಂದೇ ಸುರುಳಿಯ ಭಾಗ) ಇದ್ರೆ ಮನೆ ವೈರಿಂಗ್, ಹಳೇ ಚೋಕಿನ ಟ್ಯೂಬ್‌ಲೈಟು ಎಲ್ಲದರ ಹಮ್ಮು ಎಳ್ಕೊಳ್ಳುತ್ತೆ, ಗಿಟಾರ್ ಹಿಡ್ಕೊಂಡು ನಿಧಾನಕ್ಕೆ ಪಕ್ಕಕ್ಕೆ ತಿರುಗಿ, ಒಂದು ಕೋನದಲ್ಲಿ ಕಮ್ಮಿ ಆದ್ರೆ ಕಾರಣ ಅದೇ. ಅಡಾಪ್ಟರ್ ತೆಗೆದು ಸೆಲ್ ಹಾಕಿದ ತಕ್ಷಣ ಗುಂಯ್ ಸದ್ದು ನಿಂತ್ರೆ ತಪ್ಪು ಅಡಾಪ್ಟರ್‌ದು ಇಲ್ಲಾ ಪ್ಲಗ್ ಅರ್ಥಿಂಗ್‌ದು. ಇದನ್ನ ಸರಿ ಮಾಡದೆ ನಾಯ್ಸ್ ಗೇಟ್ (ಸಣ್ಣ ಸದ್ದನ್ನ ಅಡಗಿಸೋ ಎಫೆಕ್ಟ್) ಜಾಸ್ತಿ ಮಾಡ್ಬೇಡಿ, ಎಳೆದು ನಿಲ್ಲಿಸಿದ ಸ್ವರದ ಬಾಲಾನೇ ಕತ್ತರಿಸಿಬಿಡುತ್ತೆ, ನಿಧಾನದ ಭಾವಗೀತೆಗೆ ನುಡಿಸುವಾಗಂತೂ ಕೇಳೋಕಾಗಲ್ಲ.

ಬಿಡಿ ಪೆಡಲ್ ಆಸೆ ಆದ್ಮೇಲೆ ಮೊದ್ಲು ಓವರ್‌ಡ್ರೈವ್, ಅಂದ್ರೆ ಡಿಸ್ಟಾರ್ಷನ್‌ಗಿಂತ ಮೆತ್ತಗಿನ ಒರಟು. ಕೀಬೋರ್ಡು, ರಿದಮ್ ಪ್ಯಾಡು, ಬೇಸು ಎಲ್ಲ ಒಟ್ಟಿಗೆ ಬಾರಿಸೋವಾಗ ಮಿಡ್ (ತೀರಾ ದಪ್ಪವೂ ಅಲ್ಲದ, ತೀರಾ ಕೀಚಲೂ ಅಲ್ಲದ ನಡುವಿನ ಸದ್ದು) ಕಮ್ಮಿ ಇರೋ ಟೋನ್ ಮುಳುಗಿಹೋಗುತ್ತೆ, ಒಬ್ರೇ ಕೂತು ನುಡಿಸುವಾಗ ಎಷ್ಟೇ ದಪ್ಪಗೆ ಕೇಳಿದ್ರೂ. ಐಬನೀಜ್ ಟ್ಯೂಬ್ ಸ್ಕ್ರೀಮರ್ ಅನ್ನೋ ಓವರ್‌ಡ್ರೈವ್ ಪೆಡಲ್ ಆ ಮಿಡ್‌ನೇ ಮುಂದಕ್ಕೆ ತಳ್ಳುತ್ತೆ, ಲೀಡು ಎದ್ದು ಕೇಳುತ್ತೆ. ಇನ್ನೂ ಒರಟು ಬೇಕಂದ್ರೆ 1978ರಿಂದ ಬರ್ತಿರೋ ಬಾಸ್ ಡಿಎಸ್-1 ಡಿಸ್ಟಾರ್ಷನ್ ಪೆಡಲ್, ಕಿತ್ತಳೆ ಬಣ್ಣದ್ದು. ಎರಡಕ್ಕೂ ಬೇಕಾಗಿರೋದು 9 ವೋಲ್ಟ್, ಸೆಂಟರ್ ನೆಗೆಟಿವ್ (ಪ್ಲಗ್‌ನ ನಡುವೆ ಮೈನಸ್ ಇರೋ) ಅಡಾಪ್ಟರ್, ಮನೇಲಿ ಬಿದ್ದಿರೋ ರೂಟರ್ ಅಡಾಪ್ಟರ್ ಚುಚ್ಚಬೇಡಿ, ಅವು ಸಾಮಾನ್ಯವಾಗಿ ಸೆಂಟರ್ ಪಾಸಿಟಿವ್, ಸರ್ಕ್ಯೂಟೇ ಹೋಗ್ಬೋದು. ಬ್ಯಾಟರಿ ಹಾಕಿದ್ರೆ ನುಡಿಸಿ ಆದ್ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ, ಕೇಬಲ್ ಇರೋವರೆಗೂ ಒಳಗೆ ಕರೆಂಟ್ ಹರೀತಾನೇ ಇರುತ್ತೆ.

ತಗೊಳ್ಳೋಕೆ ಬೆಂಗಳೂರಿಗೆ ಹೋಗೋದಾದ್ರೆ ನಿಮ್ಮ ಗಿಟಾರನ್ನೇ ರೈಲಲ್ಲಿ ಹೊತ್ಕೊಂಡು ಹೋಗಿ, ಅಂಗಡಿಯ ಒಳ್ಳೇ ಗಿಟಾರಲ್ಲಿ ಯಾವ ಪೆಡಲ್ಲೂ ಚೆನ್ನಾಗೇ ಕೇಳುತ್ತೆ. ವಾಹ್ (ವಾ ವಾ ಅಂತ ಸದ್ದು ಬಾಯಿ ತೆರೆದು ಮುಚ್ಚಿದ ಹಾಗೆ ಕೇಳಿಸೋ ಎಫೆಕ್ಟ್) ಬೇಕು, ಕಾಲಲ್ಲೇ ವಾಲ್ಯೂಮ್ ಏರಿಳಿಸಬೇಕು ಅನ್ನೋರು ಜಿ1ಎಕ್ಸ್ ಫೋರ್ ನೋಡಿ, ಅದ್ರಲ್ಲಿ ಎಕ್ಸ್‌ಪ್ರೆಷನ್ ಪೆಡಲ್ (ಕಾಲಲ್ಲಿ ಮುಂದೆ ಹಿಂದೆ ಒತ್ತಿ ಏರಿಳಿಸೋದು) ಜೊತೇಲೇ ಬರುತ್ತೆ.