ಬಿತ್ತನೆ ಕಾಳಿಗೆ ಬೇವು, ಎಣ್ಣೆ, ಬಜೆ: ನಾಲ್ಕು ತಿಂಗಳು ಇಟ್ಟು ನೋಡಿದ್ದು

ಬಿತ್ತನೆಗೆ ಅಂತ ಎತ್ತಿಟ್ಟ ಅಲಸಂದೆ ಹೋದ ವರ್ಷ ಪೂರ್ತಿ ತೂತು ಬಿದ್ದು ಹಿಟ್ಟಾಗಿತ್ತು. ಹಾಗಂತ ಗ್ಯಾಸ್ ಬಿಡುವ ಮಾತ್ರೆಯನ್ನು ಮನೆಯೊಳಗೆ ಇಡುವ ಧೈರ್ಯ ನನಗಿಲ್ಲ, ಅದರಿಂದ ಬರುವ ಫಾಸ್ಫೀನ್ ಗ್ಯಾಸ್ ಮನುಷ್ಯರನ್ನೂ ಬಿಡುವುದಿಲ್ಲ. ಅದಕ್ಕೆ ಈ ಸಲ ಐದು ಡಬ್ಬಿಗೆ ತಲಾ ಒಂದು ಕೆಜಿ ಕಾಳು ಹಾಕಿ, ನಾಲ್ಕಕ್ಕೆ ಒಂದೊಂದು ಮದ್ದು ಬೆರೆಸಿ, ಐದನೆಯದನ್ನು ಸುಮ್ನೆ ಬಿಟ್ಟೆ. ಹಳೇ ಕಾಳಿನಿಂದ ಹಿಡಿದ ಹತ್ತತ್ತು ಹುಳವನ್ನು ಎಲ್ಲದಕ್ಕೂ ನಾನೇ ಬಿಟ್ಟೆ. ಮನೆಯವರು ನಕ್ಕರು, ನಗಲಿ.

ಏನೂ ಹಾಕದ ಡಬ್ಬಿಯಲ್ಲಿ ಒಂದು ತಿಂಗಳಿಗೇ ಮುಂದಿನ ಪೀಳಿಗೆ ಹೊರಬಂತು. ಅದರ ಕಥೆ ಅಷ್ಟೇ.

ಜಾಸ್ತಿ ಬೇಜಾರು ಮಾಡಿದ್ದು ಬೇವಿನ ಸೊಪ್ಪು. ಎಲ್ಲರೂ ಹೇಳುವುದು ಇದನ್ನೇ ಅಲ್ವಾ? ಒಣ ಎಲೆ ಹರಡಿದರೂ ಹುಳ ಆರಾಮಾಗಿ ಓಡಾಡಿಕೊಂಡಿತ್ತು. ತಪ್ಪು ನನ್ನದೂ ಇದೆ, ಎಲೆಯನ್ನು ಬಿಸಿಲಿಗೆ ಹಾಕಿದ್ದೆ. ಹುಳಕ್ಕೆ ಆಗದ ಬೇವಿನ ಅಂಶ, ಅಜಾಡಿರಾಕ್ಟಿನ್, ಬಿಸಿಲಿಗೆ ಕೆಡುತ್ತದೆ, ನೆರಳಲ್ಲೇ ಒಣಗಿಸಬೇಕು. ಅದು ಎಲೆಗಿಂತ ಬೀಜದಲ್ಲಿ ಹೆಚ್ಚು. ಬೇವಿನ ಬೀಜದ ಪುಡಿ ಕೆಜಿಗೆ 20 ಗ್ರಾಂ ಬೆರೆಸಿದ ಡಬ್ಬಿಯಲ್ಲಿ ತೂತು ತುಂಬಾ ಕಡಿಮೆ. ಆದರೆ ಕೈ ಎರಡು ದಿನ ಕಹಿ.

ಎಣ್ಣೆಯ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ. ಕೆಜಿಗೆ 5 ಮಿಲಿ ಕಡಲೆಕಾಯಿ ಎಣ್ಣೆ, ಅಂದರೆ ಒಂದು ಟೀ ಚಮಚ, ಹಾಕಿ ಪ್ರತಿ ಕಾಳಿಗೂ ತಾಗುವ ಹಾಗೆ ಕೈಯಲ್ಲಿ ಉಜ್ಜಿದೆ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ವಿಷಯ ಗೊತ್ತಾಯಿತು. ಈ ಹುಳ ಮೊಟ್ಟೆಯನ್ನು ಕಾಳಿನ ಸಿಪ್ಪೆಗೆ ಅಂಟಿಸುತ್ತದೆ. ಮರಿ ಮೊಟ್ಟೆಯ ತಳದಿಂದಲೇ ಕಾಳಿನೊಳಗೆ ಕೊರೆದು ಹೋಗುತ್ತದೆ, ಕೊರೆದ ಪುಡಿ ತುಂಬಿ ಮೊಟ್ಟೆಯ ಚಿಪ್ಪು ಬೆಳ್ಳಗಾಗುತ್ತದೆ. ಸುಮ್ನೆ ಬಿಟ್ಟ ಡಬ್ಬಿಯಲ್ಲಿ ಕಾಳಿನ ತುಂಬಾ ಬಿಳಿ ಚುಕ್ಕಿ. ಎಣ್ಣೆ ಕಾಳಿನ ಮೇಲೆ ಇದ್ದ ನಾಲ್ಕೈದು ಮೊಟ್ಟೆ ಗಾಜಿನ ಹನಿಯ ಹಾಗೆ ಹಾಗೇ ಉಳಿದಿದ್ದವು, ಎಣ್ಣೆ ಮುಚ್ಚಿ ಉಸಿರು ಕಟ್ಟಿಸಿತ್ತು. ನಾಲ್ಕನೇ ತಿಂಗಳಿಗೆ ಮುಗ್ಗಲು ವಾಸನೆ ಬಂತು ನಿಜ, ಆದರೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ 20 ಕಾಳಲ್ಲಿ 18 ಮೊಳೆತವು. ದುರಾಸೆಗೆ ಇನ್ನೊಂದು ಪುಟ್ಟ ಡಬ್ಬಿಗೆ ಮೂರರಷ್ಟು ಎಣ್ಣೆ ಸುರಿದಿದ್ದೆ, ಅದರಲ್ಲಿ ಅರ್ಧ ಕಾಳು ಏಳಲೇ ಇಲ್ಲ.

ಹುಳ ಕೊಲ್ಲುವುದರಲ್ಲಿ ಬಜೆ ಬೇರಿನ ಪುಡಿಯನ್ನು ಮೀರಿಸಿದ್ದಿಲ್ಲ. ಕೆಜಿಗೆ 10 ಗ್ರಾಂ ಹಾಕಿದ್ದೆ. ವಾರದೊಳಗೆ ಹುಳಗಳೆಲ್ಲ ಕಾಲು ಮೇಲೆ ಮಾಡಿ ಬಿದ್ದಿದ್ದವು. ಕುಟ್ಟುವಾಗ ನನಗೆ ಬಂದ ಸೀನು ಬೇರೆ ಲೆಕ್ಕ. ಆದರೆ ಅದರಲ್ಲಿರುವ ಆಸರೋನ್ ಎಂಬ ಅಂಶ ಹೊಟ್ಟೆಗೆ ಒಳ್ಳೆಯದಲ್ಲ, ತಿನ್ನುವ ಕಾಳಿಗೆ ಬೇಡವೇ ಬೇಡ.

ಈಗ ಬಿತ್ತನೆ ಕಾಳಿಗೆ ಬಜೆ, ತಿನ್ನುವ ಕಾಳಿಗೆ ಎಣ್ಣೆ. ಒಂದು ಮಾತು: ಆಗಲೇ ಕಾಳಿನೊಳಗೆ ಸೇರಿದ ಮರಿಗೆ ಈ ಪುಡಿಗಳು ಅಷ್ಟಾಗಿ ತಾಗುವುದಿಲ್ಲ, ಅದು ಎಷ್ಟೋ ಸಲ ಹೊಲದಲ್ಲೇ ಹತ್ತಿಕೊಂಡು ಬಂದಿರುತ್ತದೆ. ಅದಕ್ಕೆ ಕಾಳನ್ನು ಚೆನ್ನಾಗಿ ಒಣಗಿಸಿ, ಬಿಗಿಯಾಗಿ ಕಟ್ಟಿ, ಒಂದು ವಾರ ಫ್ರೀಜರ್‌ನಲ್ಲಿಟ್ಟು, ಹೊರಗೆ ತೆಗೆದು ತಣುಪು ಪೂರ್ತಿ ಇಳಿದ ಮೇಲೆ ಕಟ್ಟು ಬಿಚ್ಚಿ ಮದ್ದು ಬೆರೆಸಿ. ತಣ್ಣಗಿರುವಾಗಲೇ ಬಿಚ್ಚಿ ಒಂದು ಕೆಜಿಗೆ ಬೂಷ್ಟು ಹಿಡಿಸಿದ್ದು ನಾನೇ.